ಏಳು ಹುಣಸೆ ಬೀಜ

ಲೋಲಾಕ್ಷಿ ಹಾರ್ಲಿಕ್ಸ್ ಬಾಟಲಿಯನ್ನು ಸೆರಗಿಗೆ ಬೋರಲು ಹಾಕಿ ತಳಕ್ಕೆ ತಟ್ಟಿದಳು. ಹುಣಸೆ ಬೀಜಗಳು ಒಂದೊಂದಾಗಿ ಬಿದ್ದವು. ಎಣಿಸಿದಳು, ಏಳು. ಯಾವುದಾದರೂ ಒಳಗೇ ಅಂಟಿಕೊಂಡಿದೆಯೋ ಎಂದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಇಲ್ಲ, ಏಳೇ.

“ಲೋಲಕ್ಕ, ಬೇಗ ಬನ್ನಿ. ಹತ್ತೂವರೆಗೆ ಎತ್ತುತ್ತಾರಂತೆ,” ಶಾಲೆಯ ಅಂಗಳದಲ್ಲಿ ರಿಕ್ಷಾದ ಹತ್ತಿರ ನಿಂತು ಹರಿಣಾಕ್ಷಿ ಟೀಚರ್ ಕೂಗಿದರು.

“ಬಂದೆ ಟೀಚರ್.”

ಬೀಜಗಳನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿ, ಅಡುಗೆಕೋಣೆಯ ಬಾಗಿಲು ಎಳೆದುಕೊಂಡು ಹೊರಟಳು. ಹನ್ನೆರಡು ವರ್ಷದಿಂದ ಆ ಶಾಲೆಯ ಮಕ್ಕಳಿಗೆ ಬಿಸಿಯೂಟ ಬೇಯಿಸಿದ ಕೈ ಅವಳದು. ಇವತ್ತು ಒಲೆ ಹಚ್ಚುವುದಿರಲಿಲ್ಲ. ನಿನ್ನೆ ಸಂಜೆ ಮಾಜಿದಾ ಟೀಚರ್ ತೀರಿಹೋಗಿದ್ದರು. ಕಳೆದ ಶುಕ್ರವಾರ ಜ್ವರವೆಂದು ಅರ್ಧ ದಿನಕ್ಕೆ ಮನೆಗೆ ಹೋದವರು ಮಂಗಳೂರಿನ ಆಸ್ಪತ್ರೆ ಸೇರಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹೀಗೆ ವಾಪಸು ಬಂದಿದ್ದರು. ನಲವತ್ಮೂರು ಸಾಯುವ ಪ್ರಾಯವೇ?

ರಿಕ್ಷಾ ನೆರಿಯ ದಾಟಿ ಕಕ್ಕಿಂಜೆಯ ಕಡೆ ಓಡುತ್ತಿತ್ತು.

“ಮಾಜಿದಾ ಟೀಚರ್ ಎಂಥ ದೇವರ ಭಯದ ಜನ ಮಾರಾಯ್ರೆ,” ಎಂದರು ಹರಿಣಾಕ್ಷಿ ಟೀಚರ್. ಈ ಜೂನಿನಲ್ಲಷ್ಟೇ ಬಂದ ಅತಿಥಿ ಶಿಕ್ಷಕಿ ಅವರು. “ರಂಜಾನ್ ಕಳೆದು ಮೂರು ತಿಂಗಳಾಯಿತು. ಆದರೂ ಸೋಮವಾರ ಉಪವಾಸ, ಗುರುವಾರ ಉಪವಾಸ. ನನಗೆ ಒಂದು ಸಂಕಷ್ಟಿ ಮಾಡ್ಲಿಕ್ಕೆ ಆಗುವುದಿಲ್ಲ.”

ಲೋಲಾಕ್ಷಿಯ ಬಾಯಲ್ಲಿ ಒಂದು ಗುಟ್ಟು ಬಸ್ಸು ಬರುವಷ್ಟು ಹೊತ್ತು ನಿಂತದ್ದನ್ನು ಊರಲ್ಲಿ ಯಾರೂ ಕಂಡವರಿಲ್ಲ. ಈ ಒಂದನ್ನು ಮಾತ್ರ ಅವಳು ಮೂರು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

* * *

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳ ಕೊನೆ. ರಂಜಾನ್ ಶುರುವಾಗಿ ವಾರವೂ ಆಗಿರಲಿಲ್ಲ. ಬೆಳಿಗ್ಗೆ ಕರೆಂಟು ಇರುವುದಿಲ್ಲವೆಂದು ಲೋಲಾಕ್ಷಿ ಹಿಂದಿನ ಸಂಜೆಯೇ ತೆಂಗಿನಕಾಯಿ ರುಬ್ಬಿ ಇಟ್ಟಿದ್ದಳು. ಆ ಸೆಕೆಗೆ ಅದು ಹಳಸಿತ್ತು. ನೆಗಡಿಯಾಗಿದ್ದ ಅವಳ ಮೂಗಿಗೆ ಅದು ಗೊತ್ತಾಗಲೇ ಇಲ್ಲ.

ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಟೀಚರ್ ಊಟದ ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಆಗ ಶಾಲೆಗೆ ಇದ್ದದ್ದು ಮಾಜಿದಾ ಟೀಚರ್ ಒಬ್ಬರೇ. ಉಪವಾಸದ ದಿನಗಳಲ್ಲಿ ಅವರು ಸಾಂಬಾರನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಉಗುಳಿ, ಬಾಯಿ ಮುಕ್ಕಳಿಸುತ್ತಿದ್ದರು. ಅಷ್ಟಕ್ಕೆ ಅಡ್ಡಿಯಿಲ್ಲವೆಂದು ಮಸೀದಿಯ ಉಸ್ತಾದರನ್ನು ಕೇಳಿ ತಿಳಿದುಕೊಂಡಿದ್ದರು. ಅಂದೂ ಹಾಗೆಯೇ ಮಾಡಿ, “ಹುಳಿ ಸ್ವಲ್ಪ ಮುಂದೆ ಉಂಟು ಲೋಲಕ್ಕ,” ಎಂದು ನಕ್ಕು ಸಹಿ ಹಾಕಿದರು.

ಎರಡು ಗಂಟೆಯ ಹೊತ್ತಿಗೆ ಒಂಬತ್ತು ಮಕ್ಕಳು ವಾಂತಿ ಮಾಡಿಕೊಂಡವು. ಜೀಪಿನಲ್ಲಿ ಡಾಕ್ಟರ ಹತ್ತಿರ ಒಯ್ಯುವಾಗ ಒಂದನೇ ಕ್ಲಾಸಿನ ಸಾತ್ವಿಕಾ ಟೀಚರ ಮಡಿಲಲ್ಲಿ ಕಣ್ಣು ಮೇಲೆ ಮಾಡಿ ಮಲಗಿದ್ದಳು. ದೇವರ ದಯೆ, ಸಂಜೆಯೊಳಗೆ ಎಲ್ಲರೂ ಎದ್ದು ಕೂತರು. ವಿಚಾರಣೆಗೆ ಬಂದವರ ಮುಂದೆ ಲೋಲಾಕ್ಷಿ ಬಾಯಿ ತೆರೆಯುವ ಮೊದಲೇ ಟೀಚರ್ ಹೇಳಿಬಿಟ್ಟರು: “ರುಚಿ ನೋಡಿ ಸಹಿ ಹಾಕಿದ್ದು ನಾನು. ತಪ್ಪು ನನ್ನದು.” ನೋಟಿಸು ಅವರ ಹೆಸರಿಗೆ ಬಂತು, ಲೋಲಾಕ್ಷಿಯ ಕೆಲಸ ಉಳಿಯಿತು.

ಮರುದಿನ ಟೀಚರ್ ಬಟ್ಟಲು ತಂದು ಒಂದು ಹಿಡಿ ಅನ್ನ ಹಾಕಿಸಿಕೊಂಡರು. ಸಾಂಬಾರು ಕಲಸಿದರು. ಒಂಬತ್ತನೇ ವಯಸ್ಸಿನಿಂದ ಕಾರಣವಿಲ್ಲದೆ ಒಂದು ದಿನ ಉಪವಾಸ ತಪ್ಪಿಸಿದವರಲ್ಲ ಅವರು. ತುತ್ತು ನುಂಗುವಾಗ ಕಣ್ಣಲ್ಲಿ ನೀರು ದಳದಳ ಇಳಿಯಿತು. ಹತ್ತು ನಿಮಿಷ ಕಾದು, ಏನೂ ಆಗಲಿಲ್ಲವೆಂದು ನೋಡಿಕೊಂಡು ಸಹಿ ಹಾಕಿದರು.

“ನಾನು ತಿಂದು ಹೇಳ್ತೇನೆ ಟೀಚರ್, ನೀವು ಬರೀ ಸಹಿ ಹಾಕಿ,” ಲೋಲಾಕ್ಷಿ ಅಂಗಲಾಚಿದಳು.

“ತಿನ್ನದೆ ತಿಂದೆ ಅಂತ ಬರೆಯುವುದಾ? ಸುಳ್ಳು ಹೇಳಿ ಹಿಡಿದ ಉಪವಾಸ ಯಾರಿಗೆ ಬೇಕು ಲೋಲಕ್ಕ? ಮುರಿದದ್ದನ್ನು ಬೇರೆ ದಿನ ಹಿಡಿದು ತೀರಿಸಬಹುದು. ಮಕ್ಕಳ ಹೊಟ್ಟೆಗೆ ಹೋದದ್ದನ್ನು ವಾಪಸು ತೆಗೀಲಿಕ್ಕೆ ಆಗ್ತದಾ?” ಆಮೇಲೆ ಸ್ವರ ತಗ್ಗಿಸಿದರು. “ಮನೆಯಲ್ಲಿ ಗೊತ್ತಾಗುವುದು ಬೇಡ. ನನ್ನ ಉಮ್ಮನಿಗಂತೂ ಬೇಡವೇ ಬೇಡ.”

ಅಂದಿನಿಂದ ರಂಜಾನಿನಲ್ಲಿ ಶಾಲೆಯಿದ್ದ ಒಂದೊಂದು ದಿನಕ್ಕೂ ಬಾಟಲಿಗೆ ಒಂದೊಂದು ಹುಣಸೆ ಬೀಜ ಬಿತ್ತು. ಹಬ್ಬ ಕಳೆದ ಮೇಲೆ ಸೋಮವಾರ, ಗುರುವಾರ ಉಪವಾಸ ಹಿಡಿಯುವರು. ಮರುದಿನ ಬಂದವರೇ ಒಂದು ಬೀಜ ತೆಗೆದು ಅಡುಗೆಕೋಣೆಯ ಕಿಟಕಿಯಿಂದ ಹೊರಗೆಸೆಯುವರು. ಬೇಸಿಗೆ ರಜೆ ಮುಗಿದು ಬಂದ ದಿನವಂತೂ ಹಿಡಿ ತುಂಬ ಎಸೆದು, “ಹಗುರ ಆಯಿತು ಲೋಲಕ್ಕ,” ಎನ್ನುವರು. ಕಿಟಕಿಯ ಕೆಳಗೆ ಹುಟ್ಟಿದ ಗಿಡಗಳನ್ನು ಲೋಲಾಕ್ಷಿ ಕೀಳಲು ಹೋದರೆ, “ಇರಲಿ ಬಿಡಿ, ಅವು ನಿಮ್ಮ ಸಾಂಬಾರು ಕೇಳುವುದಿಲ್ಲ,” ಎಂದು ತಮಾಷೆ ಮಾಡುವರು.

* * *

ಕಕ್ಕಿಂಜೆಯ ಮನೆಯ ಮುಂದೆ ನೀಲಿ ಟರ್ಪಾಲಿನ ಕೆಳಗೆ ಗಂಡಸರು ಕುರ್ಚಿ ಹಾಕಿ ಕೂತಿದ್ದರು. ಒಳಗೆ ಹೆಂಗಸರ ನಡುವೆ, ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಮಾಜಿದಾ ಟೀಚರ್ ಮಲಗಿದ್ದರು. ಮುಖ ಮಾತ್ರ ಕಾಣುತ್ತಿತ್ತು. ಮೂಗಿನ ಮೇಲೆ ಕನ್ನಡಕ ಕೂತ ಗುರುತು ಹಾಗೇ ಇತ್ತು. ಅದನ್ನು ನೋಡಿ ಲೋಲಾಕ್ಷಿಗೆ ತಡೆಯಲಾಗಲಿಲ್ಲ. ಬಾಗಿಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು.

ತಲೆಯ ಬಳಿ ಟೀಚರ ತಾಯಿ ಕೂತಿದ್ದರು, ಮಡಂತ್ಯಾರಿನವರು. ಊರಿಗೆಲ್ಲ ಅವರು ಉಮ್ಮ. ಅವರ ಕಣ್ಣು ಒಣಗಿತ್ತು.

“ಇವಳು ಶಾಲೆ ಟೀಚರ್ ಆಗ್ತಾಳೆ ಅಂದಾಗ ನಮ್ಮವರೇ ಎಷ್ಟು ಜನ ನಕ್ಕರು,” ಎನ್ನುತ್ತಿದ್ದರು ಸುತ್ತಲಿನವರಿಗೆ. “ಹೊರಗೆ ಕೆಲಸಕ್ಕೆ ಹೋಗುವವಳಿಗೆ ನಮಾಜು ಎಲ್ಲಿಯದು, ಉಪವಾಸ ಎಲ್ಲಿಯದು ಅಂತ. ಈಗ ಹೇಳಲಿ ಅವರು. ಬಿಟ್ಟದ್ದು ಹೋಗಲಿ, ಹೆಚ್ಚಿಗೆ ಹಿಡಿದಳು ನನ್ನ ಮಗಳು.”

“ಹೌದು, ಹೌದು,” ಎಂದರು ಹೆಂಗಸರು. ಲೋಲಾಕ್ಷಿಯ ಕೈ ಸೊಂಟದ ಗಂಟಿಗೆ ಹೋಯಿತು.

ಜಗಲಿಯಲ್ಲಿ ಟೀಚರ ಗಂಡ ಇರ್ಷಾದ್ ಎದ್ದು ನಿಂತದ್ದು ಕಿಟಕಿಯಿಂದ ಕಂಡಿತು. ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗ ನಿಝಾಮ್ ಅವನ ತೋಳು ಹಿಡಿದುಕೊಂಡಿದ್ದ.

“ಮಾಜಿದಾಳಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಿಬಿಡಿ,” ಎಂದ ಇರ್ಷಾದ್. “ಅವಳು ಏನಾದರೂ ಬಾಕಿ ಇಟ್ಟು ಹೋಗಿದ್ದರೆ ಈಗ ಹೇಳಿ. ಅದು ಇನ್ನು ನನ್ನ ಮೇಲೆ.”

“ಅವರದ್ದೆಂಥ ಬಾಕಿ ಮಾರಾಯ, ನಾವೇ ಅವರಿಗೆ ಬಾಕಿ,” ಎಂದರು ಯಾರೋ.

ಹೇಳಿದರೆ ಈ ಮುದುಕಿಯ ತಲೆ ಇಷ್ಟು ಜನರ ನಡುವೆ ತಗ್ಗುತ್ತದೆ. ಬೇಡವೇ ಬೇಡ ಎಂದದ್ದು ಟೀಚರೇ. ಹಳಸಿದ ಕಾಯಿಯ ಸಂಗತಿಯೂ ಹೊರಗೆ ಬೀಳುತ್ತದೆ, ಕೆಲಸ ಹೋದರೂ ಹೋದೀತು. ಹೇಳದಿದ್ದರೆ? ಇನ್ನು ಸ್ವಲ್ಪ ಹೊತ್ತಿಗೆ ಮಣ್ಣು ಮುಚ್ಚುತ್ತಾರೆ. ತನಗಾಗಿ ಹೊತ್ತ ಭಾರವನ್ನು ಹೊತ್ತುಕೊಂಡೇ ಟೀಚರ್ ಹೋಗಬೇಕು. ಲೋಲಾಕ್ಷಿ ಉಮ್ಮನ ಬಳಿ ಬಗ್ಗಿದಳು.

“ಉಮ್ಮ, ಒಳಗೆ ಬನ್ನಿ. ಒಂದು ಮಾತು ಉಂಟು.”

ಅಡುಗೆಮನೆಯ ಬಾಗಿಲು ಮುಚ್ಚಿ ಎಲ್ಲವನ್ನೂ ಹೇಳಿದಳು. ಎಲ್ಲೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾಗದೆಂದು ಹೆದರಿದ್ದಳು. “ಕಾಯಿ ಹಳಸಿದ್ದು ನನ್ನ ಕೈಯಿಂದ ಉಮ್ಮ. ಅವರ ಉಪವಾಸ ಮುರಿದದ್ದೂ ನನ್ನಿಂದಲೇ.”

ಉಮ್ಮನ ಮುಖ ಬಿಗಿಯಿತು. “ನನ್ನ ಮಗಳು ರಂಜಾನಿನಲ್ಲಿ ಹಗಲು ಉಂಡಳಾ?”

“ಒಂದು ಹಿಡಿ ಉಮ್ಮ. ಆಮೇಲೆ ಸಂಜೆಯವರೆಗೆ ನೀರೂ ಮುಟ್ಟುತ್ತಿರಲಿಲ್ಲ.”

ಉಮ್ಮ ಗೋಡೆ ಹಿಡಿದು ನಿಂತರು. ಹೊರಗೆ ಹೆಂಗಸರು ಕುರ್‌ಆನ್ ಓದುವ ಸ್ವರ ಕೇಳುತ್ತಿತ್ತು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ಲೋಲಾಕ್ಷಿ ತಲೆ ತಗ್ಗಿಸಿದ್ದಳು.

“ಆಮೇಲೆ ಯಾವ ಮಗುವಿಗಾದರೂ ಏನಾದರೂ ಆಯಿತಾ?”

“ಇಲ್ಲ ಉಮ್ಮ. ಒಂದಕ್ಕೂ ಇಲ್ಲ.”

ಆಗ ಉಮ್ಮ ಅತ್ತರು. ನಿನ್ನೆಯಿಂದ ತಡೆದದ್ದೆಲ್ಲ ಒಮ್ಮೆಲೇ ಬಂತು. ಅತ್ತು ಮುಗಿಸಿ ಅಂಗೈ ಚಾಚಿದರು. ಲೋಲಾಕ್ಷಿ ಗಂಟು ಬಿಚ್ಚಿ, ತೀರದೆ ಉಳಿದ ಏಳು ಬೀಜ ಸುರಿದಳು.

“ಹೋದವರ ಉಪವಾಸ ಮನೆಯವರು ಹಿಡಿಯಬಹುದು. ಇರ್ಷಾದ್ ಹಿಡೀತಾನೆ, ನಿಝಾಮ್ ಹಿಡೀತಾನೆ. ನಾನೂ ಹಿಡೀತೇನೆ, ಶುಗರ್ ಇದ್ದರೆ ಇರಲಿ.”

“ನನಗೂ ಒಂದು ಕೊಡಿ ಉಮ್ಮ.”

“ನೀನು ಹಿಡಿದರೆ ಸಲ್ಲುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ,” ಎಂದು ಉಮ್ಮ ಮುಷ್ಟಿ ಮುಚ್ಚಿಕೊಂಡು ಹೊರನಡೆದರು.

ಮಸೀದಿಯಿಂದ ತಂದ ಮಂಚವನ್ನು ಗಂಡಸರು ಹೆಗಲಿಗೇರಿಸಿದರು. ಹೆಂಗಸರು ಬಾಗಿಲಲ್ಲೇ ನಿಂತರು, ಅವರೊಡನೆ ಲೋಲಾಕ್ಷಿಯೂ ನಿಂತಳು. ರಸ್ತೆ ತಿರುಗಿ ಮಂಚ ಕಾಣದಾದಾಗ ಯಾರೋ ಅವಳ ಕೈ ಹಿಡಿದರು. ಉಮ್ಮ ಅವಳ ಅಂಗೈಯಲ್ಲಿ ಒಂದು ಬೀಜವಿಟ್ಟು ಬೆರಳು ಮಡಚಿದರು.

“ಇವತ್ತು ಗುರುವಾರ,” ಎಂದರು.

* * *

ಬರುವ ದಾರಿಯಲ್ಲಿ ಹರಿಣಾಕ್ಷಿ ಟೀಚರ್ ಹೋಟೆಲಿನ ಮುಂದೆ ರಿಕ್ಷಾ ನಿಲ್ಲಿಸಿದರು. “ಬೆಳಿಗ್ಗೆಯಿಂದ ಬರೀ ಹೊಟ್ಟೆಯಲ್ಲಿದ್ದೀರಿ. ಒಂದು ಚಾ ಕುಡಿಯುವ ಲೋಲಕ್ಕ.”

“ನೀವು ಕುಡಿಯಿರಿ ಟೀಚರ್. ನನಗೆ ಇವತ್ತು ಬೇಡ.”

ಸಂಜೆ ಹೊತ್ತು ಮುಳುಗುವಾಗ ಲೋಲಾಕ್ಷಿ ಶಾಲೆಯ ಅಡುಗೆಕೋಣೆಯ ಬಾಗಿಲು ತೆರೆದಳು. ಖಾಲಿ ಬಾಟಲಿಯನ್ನು ತೊಳೆದು ಕವುಚಿ ಹಾಕಿದಳು. ಬೆಳಕು ಪೂರಾ ಇಳಿಯುವವರೆಗೆ ಕಾದು, ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ ಕುಡಿದಳು. ಆಮೇಲೆ ಬೀಜವನ್ನು ಕಿಟಕಿಯಿಂದ ಹೊರಗೆಸೆದಳು. ಕೆಳಗೆ ಹುಣಸೆ ಗಿಡಗಳು, ಕೆಲವು ಮೊಣಕಾಲೆತ್ತರ, ಕೆಲವು ಈ ಮಳೆಗೆ ಆಗಷ್ಟೇ ತಲೆಯೆತ್ತಿದವು, ಕತ್ತಲಾಗುತ್ತಿದ್ದಂತೆ ಎಲೆಗೆ ಎಲೆ ಜೋಡಿಸಿ ಮುಚ್ಚಿಕೊಳ್ಳುತ್ತಿದ್ದವು.