ಬಾಣಂತನಕ್ಕೆ ಹೋದ ಹೆಂಡತಿ

ವಕ್ಕಲೇರಿಯಲ್ಲಿ ಬಾಡಿಗೆ ಮನೆ ಬೇಕಾದವರು ಮೊದಲು ನನ್ನ ಹತ್ತಿರ ಬರುತ್ತಾರೆ. ನಾನು ಬ್ರೋಕರ್ ಅಲ್ಲ, ಟೈಲರ್. ಹೆಸರು ಫರ್ಹಾದ್. ಬಸ್ ಸ್ಟಾಪಿನ ಎದುರಿಗೇ ಅಂಗಡಿ ಇರುವುದರಿಂದ ಬಸ್ಸಿಳಿದವರ ಕಣ್ಣಿಗೆ ಮೊದಲು ಬೀಳುವ ಮುಖ ನನ್ನದು. ಯಾರ ಮನೆ ಖಾಲಿ ಇದೆ, ಯಾರ ಮನೆಯಲ್ಲಿ ನೀರು ಬರುವುದಿಲ್ಲ, ಯಾವ ಓನರ್ ಬಾಡಿಗೆದಾರರ ಒಗ್ಗರಣೆಗೂ ಅಭಿಪ್ರಾಯ ಹೇಳುತ್ತಾನೆ, ಎಲ್ಲ ನನಗೆ ಗೊತ್ತು. ಕಮಿಷನ್ ಮುಟ್ಟುವುದಿಲ್ಲ. ಮನೆ ಸಿಕ್ಕ ಮೇಲೆ ಕಿಟಕಿ ಪರದೆ ನನ್ನ ಹತ್ತಿರವೇ ಹೊಲಿಸಬೇಕು, ಅಷ್ಟೇ.

ನರೇಶ್ ಬಂದಾಗಲೂ ನಾನು ಪರದೆಯ ಲೆಕ್ಕವನ್ನೇ ಹಾಕುತ್ತಿದ್ದೆ. ಶ್ರೀನಿವಾಸಪುರದ ಕಡೆಯ ಹುಡುಗ, ಇಪ್ಪತ್ತೆಂಟರ ವಯಸ್ಸು, ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಬೆಳಗಿನ ಶಿಫ್ಟಿನ ಕಂಪನಿ ಬಸ್ಸು ಐದೂ ಕಾಲಿಗೆ ನನ್ನ ಅಂಗಡಿಯ ಮುಂದೆಯೇ ನಿಲ್ಲುತ್ತದೆ. ಇಷ್ಟು ದಿನ ಗೆಳೆಯನ ರೂಮಿನ ನೆಲದ ಮೇಲೆ ಮಲಗುತ್ತಿದ್ದನಂತೆ. ಗೆಳೆಯನಿಗೆ ಮದುವೆಯಾಯಿತು, ನೆಲ ಕೈತಪ್ಪಿತು.

"ಹನ್ನೊಂದು ಮನೆ ನೋಡ್ದೆ ಅಣ್ಣ," ಎಂದ. "ಎಲ್ರೂ ಕೇಳೋದು ಒಂದೇ. ಫ್ಯಾಮಿಲಿನಾ, ಬ್ಯಾಚುಲರ್ರಾ?"

"ನೀನೇನಂದೆ?"

"ಬ್ಯಾಚುಲರ್ ಅಂದೆ."

"ಅದಕ್ಕೇ ಹನ್ನೊಂದಾಯ್ತು," ಎಂದೆ.

ತಪ್ಪು ಊರಿನವರದ್ದೂ ಅಲ್ಲ. ನಮ್ಮ ಬೀದಿಯ ದೊಡ್ಡಗಂಗಮ್ಮನನ್ನೇ ನೋಡಿ. ಎರಡು ಸೀಮೆ ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸು. ನಾವೆಲ್ಲ ಗಂಗಕ್ಕ ಅನ್ನುತ್ತೇವೆ. ಗಂಡ ತೀರಿ ಆರು ವರ್ಷ, ಮಕ್ಕಳಿಲ್ಲ. ಮನೆಯ ಮುಂಭಾಗದಲ್ಲಿ ಒಂದು ರೂಮು, ಒಂದು ಅಡುಗೆಮನೆ ಬಾಡಿಗೆಗೆ. ಹಿಂದೊಮ್ಮೆ ಪಾಪ ಅಂತ ಮೂವರು ಒಂಟಿ ಹುಡುಗರಿಗೆ ಕೊಟ್ಟಳು. ಆ ಪುಣ್ಯಾತ್ಮರು ಕುಡಿದ ಬಾಟಲಿಗಳನ್ನೆಲ್ಲ ಹಸುವಿನ ಗೋದಲಿಯಲ್ಲಿ ಹುಲ್ಲಿನ ಕೆಳಗೆ ಬಚ್ಚಿಟ್ಟರು. ಹಸು ಮೂತಿ ಕುಯ್ದುಕೊಂಡಿತು. ಅಂದಿನಿಂದ ಸಂಸಾರಸ್ಥರಿಗೆ ಮಾತ್ರ ಮನೆ ಅಂತ ಶಪಥ ಮಾಡಿದ್ದಳು.

ಗಂಗಕ್ಕನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಹಾಲಿಗೆ ನೀರು ಬೆರೆಸಿದವಳಲ್ಲ, ಮಾತಿಗೆ ಸುಳ್ಳು ಬೆರೆಸಿದವಳಲ್ಲ. ಇದನ್ನು ಊರು ಹೇಳುವುದಕ್ಕೆ ಮುಂಚೆ ಅವಳೇ ಹೇಳಿಬಿಡುತ್ತಾಳೆ, ದಿನಕ್ಕೆ ಎರಡು ಸಲ, ಹಾಲು ಅಳೆಯುವಾಗ.

ಅಂಥವಳ ಮುಂದೆ ನರೇಶನನ್ನು ನಿಲ್ಲಿಸಿದೆ. ಅವನನ್ನು ಮೇಲಿಂದ ಕೆಳಗೆ ನೋಡಿ, "ಸಂಸಾರ ಐತೇನಪ್ಪಾ?" ಎಂದು ಕೇಳಿದಳು. ನರೇಶ್ ಬಾಯಿ ತೆರೆದ. ಇವನು ಹನ್ನೆರಡನೆಯ ಸಲ ಕೆಡಿಸುತ್ತಾನೆ ಅನ್ನಿಸಿ ನಾನೇ ಮುಂದೆ ಬಿದ್ದೆ.

"ಇದೆ ಅಕ್ಕ. ಹೆಂಡ್ತಿ ತವರಿಗೆ ಹೋಗಿದಾಳೆ. ಚೊಚ್ಚಲು. ಈಗ ನಾಲ್ಕು ತಿಂಗಳು. ಒಂದೇ ಸಮ ವಾಂತಿ ಅಂತೆ, ಅದಕ್ಕೆ ಈಗ್ಲೇ ಕಳಿಸಿಬಿಟ್ಟಿದಾನೆ."

ಗಂಗಕ್ಕನ ಮುಖ ಕೂಡಲೇ ಮೆತ್ತಗಾಯಿತು. "ವಾಂತಿ ಆಗೋದು ಒಳ್ಳೇದೇ ಬಿಡು," ಎಂದು ಬೀಗದ ಕೈ ತಂದುಕೊಟ್ಟಳು.

ದಾರಿಯಲ್ಲಿ ನರೇಶ್, ಸಿಕ್ಕಿಬಿದ್ದರೆ ಏನಣ್ಣ ಎಂದು ಮತ್ತೆ ಮತ್ತೆ ಕೇಳಿದ. ನಾನು ಲೆಕ್ಕ ಒಪ್ಪಿಸಿದೆ. ನಾಲ್ಕು ಹೋದರೆ ಹೆರಿಗೆಗೆ ಇನ್ನು ಐದು ತಿಂಗಳು. ಆಮೇಲೆ ಬಾಣಂತನ ಮೂರು ತಿಂಗಳು, ಚೊಚ್ಚಲಿಗೆ ಐದಾದರೂ ಯಾರೂ ಕೇಳುವುದಿಲ್ಲ. ಅಷ್ಟು ಕಾಲ ಗಂಡ ಒಬ್ಬನೇ ಇದ್ದರೂ ಗೌರವಸ್ಥನೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದಿದ್ದಾರೆ, ನಾನು ಒಂದೇ ಸುಳ್ಳಿನಲ್ಲಿ ಮನೆ ಕೊಡಿಸಿದ್ದೇನೆ ಎಂದು ಎದೆ ಉಬ್ಬಿಸಿದೆ. ನನ್ನ ಹೆಂಡತಿ ಮೆಹ್ರೀನ್‌ಗೆ ಹೇಳಿದರೆ ಅವಳು ನಗಲಿಲ್ಲ. "ಇಲ್ಲದ ಬಸುರಿಗೂ ದಿನ ತುಂಬುತ್ತೆ ಜೀ, ನೋಡ್ತಾ ಇರಿ," ಎಂದಳು. ಹೆಂಗಸರಿಗೆ ಎಲ್ಲದರಲ್ಲೂ ಅನುಮಾನ ಎಂದುಕೊಂಡು ಸುಮ್ಮನಾದೆ.

ದಿನ ತುಂಬತೊಡಗಿತು. ಗಂಗಕ್ಕ ವಾರಕ್ಕೊಮ್ಮೆ ತುಪ್ಪ ಕಾಯಿಸಿ, "ನಿನ್ನ ಹೆಂಡ್ತಿಗೆ ಕಳಿಸು," ಎಂದು ಡಬ್ಬಿ ಕೊಡುತ್ತಿದ್ದಳು. ಅವರೆಕಾಯಿ ಕಾಲ ಬಂದಾಗ ಹಿತಕಿದ ಬೇಳೆ, ಆಮೇಲೆ ಎಳ್ಳುಂಡೆ. ಬಿಸಾಡಿದರೆ ಪಾಪ, ವಾಪಸ್ ಕೊಟ್ಟರೆ ಗುಟ್ಟು ರಟ್ಟು. ನರೇಶನೇ ತಿಂದ. ಬಸುರಿಯಾದದ್ದು ಹೆಂಡತಿ, ಹೊಟ್ಟೆ ಬಂದದ್ದು ಗಂಡನಿಗೆ. ಎರಡು ಪ್ಯಾಂಟಿನ ಸೊಂಟ ನಾನೇ ಬಿಚ್ಚಿ ಅಗಲ ಮಾಡಿಕೊಟ್ಟೆ.

ಆರನೆಯ ತಿಂಗಳಲ್ಲಿ, ಅಂದರೆ ಸುಳ್ಳಿನ ಆರನೆಯ ತಿಂಗಳಲ್ಲಿ, ಗಂಗಕ್ಕ ಅಂಗಡಿಗೆ ಬಂದು ಮೇಜಿನ ಮೇಲೆ ಒಂದು ಪಂಚೆ ಇಟ್ಟಳು. ತೀರಿಹೋದ ಗಂಡನದು. ಒಗೆದು ಒಗೆದು ನುಣ್ಣಗಾಗಿತ್ತು. ಎಳೆಮಗುವಿನ ಮೈಗೆ ಹೊಸ ಬಟ್ಟೆ ಒರಟು, ಹಳೆಯದೇ ಆಗಬೇಕು ಅಂತ ನಮ್ಮ ಕಡೆ ನಂಬಿಕೆ.

"ನಾಕು ಅಂಗಿ, ಎರಡು ಕುಲಾವಿ ಹೊಲಿದುಕೊಡಪ್ಪ. ಇದನ್ನ ಯಾರಿಗೂ ಕೊಟ್ಟಿರ್ಲಿಲ್ಲ."

"ಇಷ್ಟು ಬೇಗ ಯಾಕಕ್ಕ? ಹುಟ್ಲಿ ಮೊದ್ಲು," ಎಂದೆ.

"ಹುಟ್ಟಿದ ಮೇಲೆ ನೀನು ಯುಗಾದಿ ಆರ್ಡರು ಅಂತೀಯ. ಕತ್ತರಿಸೋ."

ನನ್ನ ಕಣ್ಣೆದುರು ನಿಂತಿದ್ದಳು. ಕತ್ತರಿ ಹಾಕಿದೆ. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಅಷ್ಟು ಸೊಟ್ಟಗೆ ನಾನು ಬಟ್ಟೆ ಕತ್ತರಿಸಿದ್ದಿಲ್ಲ.

ಅದೇ ಹೊತ್ತಿಗೆ ನರೇಶನಿಗೆ ಮಾಲೂರಿನಿಂದ ಒಂದು ಸಂಬಂಧ ಬಂತು. ಅವನ ಮನೆಯವರು ನೋಡಿದ್ದು, ಶ್ರೀನಿವಾಸಪುರದಲ್ಲೇ ಮಾತುಕತೆ. ಹುಡುಗಿ ರಜನಿ, ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ. ಹೆಣ್ಣು ನೋಡಿಕೊಂಡು ಬಂದವನು ನೇರ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ರಜನಿ ನಗುತ್ತಾಳೆ ಎಂದ. ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ನಗುತ್ತಾಳೆ ಎಂದ. ಅವಳೂ ಒಪ್ಪಿದ್ದಳು. ಮಾಘದಲ್ಲಿ ಲಗ್ನ ಅಂತ ಮಾತಾಗಿತ್ತು. ಮದುವೆ ಗೊತ್ತಾದ ಮೇಲೆ ಗಂಗಕ್ಕನಿಗೆ ಹೇಗೆ ಹೇಳುವುದು ಎಂದು ಅವನು ಕೇಳಿದ್ದಕ್ಕೆ, ನೋಡೋಣ ಬಿಡೋ ಅಂದೆ. ಇನ್ನೊಂದು ಉಪಾಯ ಹೊಳೆಯುತ್ತದೆ ಅನ್ನುವ ಅಹಂಕಾರ ನನಗಿತ್ತು.

ಒಂದು ಸೋಮವಾರ ಬಸ್ಸಿನಿಂದ ಒಬ್ಬ ಹಿರಿಯ ಇಳಿದ. ಇಸ್ತ್ರಿ ಮಾಡಿದ ಬಿಳಿ ಶರಟು, ಹೊಸ ಚಪ್ಪಲಿ. ನೇರ ಗಂಗಕ್ಕನ ಮನೆಗೆ ಹೋಗಿ, ಮಾರುವ ಹಸು ಇದೆಯಂತೆ, ನೋಡೋಕೆ ಬಂದೆ ಎಂದ. ಅಂಗಡಿಯಿಂದಲೇ ನೋಡುತ್ತಿದ್ದೆ. ಹಸು ಕೊಳ್ಳಲು ಬಂದವನು ಕೆಚ್ಚಲು ನೋಡಬೇಕು, ಹಲ್ಲು ನೋಡಬೇಕು. ಇವನು ನೋಡುತ್ತಿದ್ದುದು ನರೇಶನ ಬಾಗಿಲನ್ನು. ಹತ್ತು ನಿಮಿಷ ಮಾತಾಡಿ, ಜಗಲಿಯ ಮೇಲೆ ಕುಸಿದು ಕೂತು ಎರಡು ಲೋಟ ನೀರು ಕುಡಿದು, ಮುಂದಿನ ಬಸ್ಸಿಗೇ ಹೊರಟುಹೋದ.

"ಹಸು ಬಿಟ್ಟು ನರೇಶನ್ನೇ ಕೇಳ್ದ ಕಣೋ," ಎಂದು ಗಂಗಕ್ಕ ಆಮೇಲೆ ನನಗೆ ಹೇಳಿದಳು. "ಹುಡುಗ ಹೆಂಗೆ ಅಂದ. ಬಂಗಾರ ಅಂದೆ. ಕುಡಿಯಲ್ಲ, ಸೇದಲ್ಲ, ಹೆಂಡ್ತಿ ಅಂದ್ರೆ ಪ್ರಾಣ, ಈಗ ಏಳು ತುಂಬ್ತು ಅಂದೆ. ಏನು ಏಳು ಅಂದ. ತಿಂಗಳು ಅಂದೆ. ಅದಕ್ಕೆ ಯಾಕೆ ಬೆವತುಹೋದ್ನೋ ಏನೋ."

ಆಗ ನನಗೆ ಬೆವರಿತು. ಹೆಣ್ಣು ಕೊಡುವವರು ಹುಡುಗ ಇರುವ ಊರಿಗೆ ಬಂದು, ತಾವು ಯಾರೆಂದು ಹೇಳದೆ, ಹಸುವೋ ಹುಣಿಸೆಹಣ್ಣೋ ಕೇಳುವ ನೆಪದಲ್ಲಿ ವಿಚಾರಿಸುವುದು ನಮ್ಮ ಸೀಮೆಯ ಪದ್ಧತಿ. ನನ್ನ ತಂಗಿಯ ಮದುವೆಗೆ ನಾನೇ ಮುಳಬಾಗಿಲಿಗೆ ಹೋಗಿ ಟೊಮ್ಯಾಟೊ ರೇಟು ಕೇಳಿಕೊಂಡು ನಿಂತಿದ್ದೆ. ಅದು ಗೊತ್ತಿದ್ದೂ ಮರೆತಿದ್ದೆ.

ಶಿಫ್ಟು ಮುಗಿಸಿ ಬಂದ ನರೇಶ್ ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಅವನ ತಾಯಿ ಹದಿನೇಳು ಸಲ ಕರೆ ಮಾಡಿದ್ದರು. ರಜನಿಯಿಂದ ಮಾತ್ರ ಒಂದೇ ಮೆಸೇಜು. ಹೆರಿಗೆ ಯಾವಾಗ, ಅಷ್ಟೇ ಬರೆದಿದ್ದಳು.

"ನಾನು ಫೋನ್ ಮಾಡಿದ್ರೆ ಕಟ್ ಮಾಡ್ತಾಳೆ ಅಣ್ಣ," ಎಂದ. "ಗಂಗಮ್ಮನೇ ಹೋಗಿ ನನಗೆ ಮದುವೆ ಆಗಿಲ್ಲ ಅಂದ್ರೇ ಅವರು ನಂಬೋದು. ಇನ್ಯಾರಂದ್ರೂ ನಂಬಲ್ಲ."

ಅವನು ಹೇಳಿದ್ದು ಸರಿ. ಇಬ್ಬರೂ ಹೋದೆವು. ಗಂಗಕ್ಕ ಹಸುವಿಗೆ ಹಿಂಡಿ ಕಲಸುತ್ತಿದ್ದಳು. ನಾನೇ ಹೇಳಿದೆ, ಒಂದೇ ಉಸಿರಿಗೆ. ಹೆಂಡತಿ ಇಲ್ಲ, ಮದುವೆಯೇ ಆಗಿಲ್ಲ, ಆವತ್ತು ಮನೆಗೋಸ್ಕರ ನಾನು ಕಟ್ಟಿದ ಕತೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಹಿಂಡಿಯ ಕೈಯಲ್ಲೇ ನಿಂತು ನೋಡಿದಳು.

"ಹಂಗಾದ್ರೆ ಮಗು?"

ನರೇಶ್ ನನ್ನನ್ನು ನೋಡಿದ, ನಾನು ಹಸುವಿನ ಕಡೆ ತಿರುಗಿದೆ.

"ಮಗೂನೂ ಇಲ್ವಾ," ಎಂದು ಅವಳೇ ಹೇಳಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ನರೇಶ್ ಮಾಲೂರಿನ ಮಾತನ್ನು ಬಾಗಿಲಿಗೇ ಹೇಳಿದ. ಬಾಗಿಲು ತೆರೆಯಲಿಲ್ಲ.

ಮರುದಿನ ಹಾಲು ಹಾಕಿ ಬಂದವಳು ನೇರ ಅಂಗಡಿಗೆ ಬಂದಳು. ಮೈಮೇಲೆ ಮದುವೆಮನೆಗೆ ಉಡುವ ರೇಷ್ಮೆ ಸೀರೆ. "ಅಂಗಡಿ ಮುಚ್ಚು. ಮಾಲೂರಿಗೆ ದಾರಿ ತೋರ್ಸು," ಎಂದಳು. ದಾರಿಯುದ್ದಕ್ಕೂ ಹೆಂಗಸರ ಸೀಟಿನಲ್ಲಿ ಕೂತು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎರಡು ಟಿಕೆಟ್ ತಾನೇ ತೆಗೆದುಕೊಂಡಳು, ನನ್ನದನ್ನು ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದಳು.

ರಜನಿಯ ಮನೆಯಲ್ಲಿ ಬಾಗಿಲು ತೆರೆದವನು ಅದೇ ಬಿಳಿ ಶರಟಿನ ಹಿರಿಯ. ರಜನಿಯ ತಂದೆ, ಕದಿರಪ್ಪ. ಗಂಗಕ್ಕನನ್ನು ಕಂಡು ಪಾಪ ಅವನಿಗೂ ನಾಚಿಕೆಯಾಯಿತು. ಕೂರಿ ಅನ್ನುವುದಕ್ಕೂ ತಡವರಿಸಿದ.

ಗಂಗಕ್ಕ ಕೂತಳು. ಸೆರಗು ಸರಿ ಮಾಡಿಕೊಂಡಳು. "ನೀವು ಹಸು ನೋಡಕ್ಕೆ ಬಂದೆ ಅಂದ್ರಿ. ಅದು ಸುಳ್ಳು. ನಾನು ಅವನ ಹೆಂಡ್ತಿ ಬಸುರಿ ಅಂದೆ. ಅದೂ ಸುಳ್ಳು. ಅವನಿಗೆ ಮದುವೇನೇ ಆಗಿಲ್ಲ."

"ಏನಮ್ಮಾ ಹಿಂಗಂತೀರಿ," ಎಂದ ಕದಿರಪ್ಪ. "ಇಂಥ ಸುಳ್ಳು ಯಾರು ಕಟ್ಟಿದ್ದು? ಹುಡುಗನಾ?"

ಈಗ ನನ್ನ ಹೆಸರು ಬರುತ್ತದೆ ಎಂದು ತಲೆ ತಗ್ಗಿಸಿದೆ. ಸುಳ್ಳು ಹೇಳಿ ಮನೆ ಹಿಡಿದವನು ಎಂದು ಗೊತ್ತಾದರೆ ಈ ಸಂಬಂಧ ಅಲ್ಲಿಗೇ ಮುಗಿಯಿತು, ಅದು ಅವಳಿಗೂ ಗೊತ್ತಿತ್ತು. ಗಂಗಕ್ಕ ಸೆರಗನ್ನು ಇನ್ನೊಮ್ಮೆ ಸರಿ ಮಾಡಿಕೊಂಡಳು.

"ನಾನೇ," ಎಂದಳು. "ಒಂಟಿ ಗಂಡಸಿಗೆ ಮನೆ ಕೊಡಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದೆ. ಈ ಹುಡುಗನ್ನ ನೋಡಿ ಮನಸ್ಸು ತಡೀಲಿಲ್ಲ, ಕೊಟ್ಟೆ. ಆಮೇಲೆ ಮರ್ಯಾದೆ ಪ್ರಶ್ನೆ ಬಂತು. ಹೆಂಡ್ತಿ ಅವ್ಳೆ, ತವರಲ್ಲವ್ಳೆ ಅಂದುಬಿಟ್ಟೆ. ತಪ್ಪಾಯ್ತು ಸ್ವಾಮಿ."

ನನಗೆ ಕಣ್ಣು ತುಂಬಿತು. ಜೇಬಿನಲ್ಲಿ ಕರವಸ್ತ್ರ ಇರಲಿಲ್ಲ, ಅಳತೆಯ ಟೇಪು ಇತ್ತು. ಅದರಲ್ಲೇ ಒರೆಸಿಕೊಂಡೆ.

ಕದಿರಪ್ಪ ಮುಖ ಉಜ್ಜಿಕೊಂಡು ಕೇಳಿದ, "ಅದಿರ್ಲಿ. ಹುಡುಗ ಸುಳ್ಳುಗಾರ ಅಲ್ಲ ತಾನೇ?"

"ಅವನಿಗೆ ಬರಲ್ಲ. ಸಂಸಾರ ಐತಾ ಅಂದ್ರೆ ಬಾಯಿ ಬಿಟ್ಕೊಂಡು ನಿಲ್ತಾನೆ," ಎಂದು ಗಂಗಕ್ಕ ಮೊದಲ ಸಲ ನನ್ನ ಕಡೆ ನೋಡಿದಳು. "ಸುಳ್ಳಿನ ಕಸುಬು ಬೇರೆಯವರದು."

ರಜನಿ ಕಾಫಿ ತಂದಿಟ್ಟಳು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು ಅನ್ನುವುದು ತುಟಿಯಂಚಿನ ನಗುವಲ್ಲೇ ಗೊತ್ತಾಗುತ್ತಿತ್ತು. "ಆ ಮನೆ ನಮಗೆ ಇರುತ್ತಾ ಅಮ್ಮ?" ಎಂದು ಕೇಳಿದಳು. ಅವಳ ತಂದೆ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಕಾಫಿ ತೆಗೆದುಕೊಳ್ಳಿ ಎಂದ. ನಮ್ಮ ಕಡೆ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ.

ವಾಪಸ್ ಬರುವಾಗ ಬಸ್ಸು ಖಾಲಿ ಇತ್ತು. ಗಂಗಕ್ಕನ ಹಿಂದಿನ ಸೀಟಿನಲ್ಲಿ ಕೂತು, ನರೇಶನನ್ನು ಏನು ಮಾಡುವುದು ಎಂದು ಮೆಲ್ಲಗೆ ಕೇಳಿದೆ.

"ಒಂಟಿ ಗಂಡಸಿಗೆ ನಾನು ಮನೆ ಕೊಡಲ್ಲ. ಇವತ್ತೇ ಖಾಲಿ ಮಾಡ್ಲಿ. ಮದುವೆ ಆಗೋವರೆಗೂ ನಿನ್ನ ಅಂಗಡೀಲಿ ಮಲಗಲಿ, ಬುದ್ಧಿ ಇಬ್ರಿಗೂ ಬರುತ್ತೆ. ಅಲ್ಲೀವರೆಗೂ ಮನೆಗೆ ಬೀಗ."

"ಬಾಡಿಗೆ ಹೋಗುತ್ತಲ್ಲಕ್ಕ."

"ಹೋಗ್ಲಿ."

ಎರಡು ಸ್ಟಾಪು ದಾಟಿದವು. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇದ್ದಳು.

"ಅರವತ್ತೆರಡು ವರ್ಷಕ್ಕೆ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೆ ನೀನು. ಅದು ಹಾಳಾಗ್ಲಿ. ಹೊಟ್ಟೆ ಉರಿಯೋದು ಅದಕ್ಕಲ್ಲ ಕಣೋ. ಆ ಮಗುಗೆ ನಾನು ಹೆಸರೂ ಇಟ್ಟಿದ್ದೆ."

ಬಾಯಿ ಸುಮ್ಮನಿರುವುದು ನನಗೆ ಅಭ್ಯಾಸವಿಲ್ಲ, ಕೇಳಿಬಿಟ್ಟೆ. "ಏನು ಹೆಸರಕ್ಕ?"

ಊರು ಬಂತು. ಹಾಲು ಕರೆಯುವ ಹೊತ್ತಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ನಿನಗ್ಯಾಕೆ ಹೇಳ್ಲಿ? ಹುಟ್ಟಿದ ಮೇಲೆ ಅದರ ಕಿವೀಲಿ ಹೇಳ್ತೀನಿ," ಎಂದು ಇಳಿದು ಹೋದಳು.