ಉದ್ದನೆಯ ಕುಣಿ

ಮೊಣಕಾಲಾಳ ಕುಣಿ ತೋಡಿದ ಮೇಲೆ ಸಾತಪ್ಪ ಸಲಿಕೆ ನಿಲ್ಲಿಸಿ ಕೇಳಿದ: “ಮಾಲಾ, ಅವ್ವನ್ನ ಮಲಗಸೂದೋ, ಕುಂಡ್ರಸೂದೋ? ನಾ ಉದ್ದಕ್ಕ ಹಿಡದೇನಿ. ಯೇಸಪ್ಪನ ಮಂದೀನ ಮಲಗಸ್ತಾರಂತ.”

“ಉದ್ದಕ್ಕ ತೋಡಂತ ಯಾರ ಹೇಳಿದ್ರಲೇ?” ಸತ್ತ ಶಿವಗಂಗವ್ವನ ಅಣ್ಣ ಗಿರಿಮಲ್ಲಪ್ಪ ಬದುವಿನ ಮೇಲಿಂದ ಎದ್ದ. “ಕೊಳ್ಳಾಗ ಲಿಂಗ ಐತಿ. ಲಿಂಗ ಇದ್ದಾಕಿನ್ನ ಮಲಗಸ್ತಾರೇನು?”

ಮಾಲಾ ಕಬ್ಬಿನ ನೆರಳಲ್ಲಿ ನಿಂತಿದ್ದ ಪಾಸ್ಟರರ ಕಡೆ ನೋಡಿದಳು. ಮೂವತ್ತು ವರ್ಷ ಅವ್ವ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ. ಆದರೂ ಚರ್ಚಿನ ಮಸಣದಲ್ಲಿ ಜಾಗವಿಲ್ಲವೆಂದು ಬೆಳಿಗ್ಗೆ ಹೇಳಿದ್ದರು. ಅದಕ್ಕೇ ಅವ್ವನ ಪಾಲಿನ ಈ ಹೊಲ.

“ದೀಕ್ಷಾಸ್ನಾನ ಆಗಿಲ್ಲ ತಂಗಿ,” ಎಂದರು ಪಾಸ್ಟರು. “ರಜಿಸ್ಟರಿನ್ಯಾಗ ಹೆಸರಿಲ್ಲ. ನನ್ನ ಕೈಯಾಗ ಏನೈತಿ ಹೇಳು.”

“ಅಂದ್ರ ಅವ್ವ ಕ್ರೈಸ್ತಳಲ್ಲೇನ್ರಿ?”

ಅವರು ಚಸ್ಮಾ ತೆಗೆದು ಒರೆಸಿಕೊಂಡರು.

“ಹಂಗ ನೋಡಿದ್ರ ನಮ್ಮಾಕಿನೂ ಅಲ್ಲ,” ಎಂದ ಗಿರಿಮಲ್ಲಪ್ಪ. “ಲಿಂಗ ಅಷ್ಟ ನಮ್ಮದು.”

*

ಗಂಡ ಸತ್ತ ವರ್ಷ, ಮಗ್ಗದ ಗೆಳತಿಯೊಬ್ಬಳ ಜೊತೆ ಶಿವಗಂಗವ್ವ ಬನಹಟ್ಟಿಯ ಚರ್ಚಿಗೆ ಹೋದಳು, ಹೋಗುತ್ತಲೇ ಉಳಿದಳು. ಪ್ರಭುವಿನ ರೊಟ್ಟಿಯ ತಟ್ಟೆ ಬಂದಾಗ ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿ, ದೀಕ್ಷಾಸ್ನಾನವಾಗದವರು ತಿನ್ನುವಂತಿಲ್ಲವೆಂದು ಹಾಗೇ ಮುಂದೆ ದಾಟಿಸುತ್ತಿದ್ದಳು. ಲಿಂಗ ತೆಗೆದಿಟ್ಟು ಬಂದರೆ ದೀಕ್ಷಾಸ್ನಾನ ಕೊಡುತ್ತೇವೆ ಎಂದಿದ್ದರು ಆಗಿನ ಪಾಸ್ಟರು.

“ಯೇಸಪ್ಪಗ ಇದು ಕಾಣೂದಿಲ್ಲೇನ್ರಿ?” ಎಂದಿದ್ದಳು ಅವ್ವ. “ಕಂಡೂ ಬಾ ಅಂದಾನ.”

ಚರ್ಚಿನ ಚಾಪೆಯ ಮೇಲೆ ಅವಳ ಪಕ್ಕ ಒಬ್ಬರು ಕೂರುವಷ್ಟು ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ಅಣ್ಣನ ಮನೆಯ ಊಟದ ಪಂಕ್ತಿಯಲ್ಲೂ ಅಷ್ಟೇ.

*

“ಕುಂಡ್ರಸ್ರಿ,” ಅಂದಳು ಮಾಲಾ. “ಲಿಂಗ ಕೈಯಾಗ ಇರ್ಲಿ. ಪಾಸ್ಟರ್, ನೀವು ಪ್ರಾರ್ಥನಿ ಮಾಡ್ರಿ.”

“ಲಿಂಗ ಹಿಡಿಸಿದ್ರ ನಾ ಹೆಂಗ ಮಾಡ್ಲಿ ತಂಗಿ?”

“ಪ್ರಾರ್ಥನಿ ಮಾಡಿದ್ರ ನಾ ಇಲ್ಲಿ ನಿಲ್ಲಾಂವಲ್ಲ,” ಎಂದ ಗಿರಿಮಲ್ಲಪ್ಪ.

“ಹಂಗಾರ ನಾನ ಮಾಡ್ತೇನಿ.”

ಪಾಸ್ಟರರ ಗಾಡಿ ಮೊದಲು ಹೋಯಿತು. ಸೋದರಮಾವ ತಲೆಗೆ ಟವೆಲ್ ಸುತ್ತಿಕೊಂಡು, ತನ್ನ ಮಂದಿಯನ್ನು ಕರೆದುಕೊಂಡು ಬದು ಹಿಡಿದ.

ಸಾತಪ್ಪ ಕುಣಿಯ ಒಂದು ತುದಿಯನ್ನಷ್ಟೇ ಎದೆಮಟ್ಟ ಇಳಿಸಿದ. ಇಬ್ಬರೂ ಸೇರಿ ಶಿವಗಂಗವ್ವನನ್ನು ಕೂರಿಸಿದರು. ಉಳಿದ ಉದ್ದ ಮೊಣಕಾಲಾಳದಲ್ಲೇ ಖಾಲಿ ಇತ್ತು. ಮಾಲಾ ಅವ್ವನ ಪ್ರಾರ್ಥನೆಯನ್ನು ನೆನಪಿದ್ದಷ್ಟು ಹೇಳಿದಳು.

“ಮಣ್ಣ ಎಳೀಲೇನವಾ?”

“ತಡಿ ಕಾಕಾ.”

ಅವಳು ಸೆರಗು ಸಿಕ್ಕಿಸಿಕೊಂಡು ಕುಣಿಗೆ ಇಳಿದಳು. ಪಕ್ಕದಲ್ಲಿ ಖಾಲಿ ಉಳಿದಿದ್ದ ಜಾಗದಲ್ಲಿ, ಅವ್ವನ ತಲೆ ತನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ, ಕುಳಿತಳು.