ಲೇಡೀಸ್ ಡಬ್ಬಿಯ ಹಳೇ ಸುದ್ದಿ

ನಾಗಮಣಿಗೆ ಬ್ಯಾಂಕಿನಲ್ಲಿ ಪ್ರಮೋಷನ್ ಸಿಕ್ಕಿದ್ದೇನೋ ಸಂತೋಷವೇ. ಆದರೆ ಅದರ ಬಾಲಕ್ಕೆ ಕಾಂಚೀಪುರಂ ಬ್ರಾಂಚೂ ಕಟ್ಟಿಕೊಂಡು ಬಂದಿತ್ತು. ಅವಳು ಪಲ್ಲಾವರಂ ಮನೆ ಬಿಡುವಾಗ ಏಳು ವರ್ಷದ ವಾಸಂತಿ ನಿದ್ದೆಯಲ್ಲಿರುತ್ತಿದ್ದಳು, ಹಿಂತಿರುಗುವಾಗಲೂ ನಿದ್ದೆಯೇ. ಜಡೆ, ಊಟ, ಹೋಂವರ್ಕು ಎಲ್ಲ ಕೆಳಮನೆಯ ಸೀತಾ ಮಾಮಿಯ ಪಾಲು. ಭಾನುವಾರ ಅಮ್ಮ ಬಾಚಣಿಗೆ ಹಿಡಿದರೆ, "ವೇಂಡಾಮ್ಮಾ, ಬೇಡ, ಮಾಮಿ ಹಾಕ್ತಾರೆ" ಎಂದು ಮಗು ಕೆಳಗೆ ಓಡುತ್ತಿತ್ತು.

"ಪ್ರಮೋಷನ್ ವಾಪಸ್ ಕೊಟ್ಬಿಡು ಮಣಿ," ಅಂದ ಗಂಡ ಕಮಲಾಕರ. "ಸೋಮವಾರ ಹೇಳಿದ್ರೆ ಮತ್ತೆ ಹತ್ತಿರದ ಹಳೇ ಮೌಂಟ್ ರೋಡ್ ಬ್ರಾಂಚಿಗೇ ಹಾಕ್ತಾರಂತೆ. ಮಗು ಕೈತಪ್ಪಿ ಹೋಗ್ತಿದೆ."

"ಎರಡನ್ನೂ ಬಿಡೋಲ್ಲ ರೀ."

ಶನಿವಾರ ಬ್ಯಾಂಕು ಅರ್ಧ ದಿನ, ಸ್ಕೂಲಿಗೆ ರಜೆ. ಗೊಣಗುತ್ತಿದ್ದ ವಾಸಂತಿಯನ್ನು ಎಬ್ಬಿಸಿ, ಕೆದರಿದ ತಲೆಯಲ್ಲೇ ಜೊತೆಗೆ ಹೊರಡಿಸಿದಳು.

ತಾಂಬರಂನಲ್ಲಿ ಹತ್ತಿದ ರೈಲಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಓಡಾಡುವ ಪಾಸಿನ ಹೆಂಗಸರೆಲ್ಲ ಮಡಿಲಲ್ಲಿ ಬಿಡಿಹೂ ಸುರಿದುಕೊಂಡು ಮಲ್ಲಿಗೆ ಕಟ್ಟುತ್ತಿದ್ದರು. ಇಳಿಯುವ ಹೊತ್ತಿಗೆ ಎಲ್ಲರ ಜಡೆಗೂ ಹೂವಿರಬೇಕು, ಅದು ಅಲ್ಲಿಯ ಪದ್ಧತಿ.

"ಅಡಿಯೇ, ಹಾಗಲಕಾಯಿ ಪಲ್ಯ ಕಿಟಕಿಯಿಂದ ಎಸೆದವಳು ನೀನೇನಾ?" ಅವರಲ್ಲೊಬ್ಬರಾದ ಜಯಲಕ್ಷ್ಮೀ ಟೀಚರ್ ಮಗುವಿನ ಗಲ್ಲ ಹಿಡಿದರು. "ಬಾಯಿ ತೆಗಿ, ಮೇಲಿನ ಹಲ್ಲು ಬಿದ್ದಿದೆಯಂತಲ್ಲ!"

ವಾಸಂತಿ ಬೆರಗಾದಳು. ಇವರಿಗೆಲ್ಲ ತಾನು ಗೊತ್ತು! ಬಾಯಿ ತೆರೆದಳು. "ಅದು ಎಪ್ಪವೋ ಬಂದಾಯ್ತು ಆಂಟಿ. ಈಗ ಬಿದ್ದಿರೋದು ಪಕ್ಕದ್ದು. ಅಮ್ಮಂಗೆ ತೆರಿಯಾದು, ಗೊತ್ತೇ ಇಲ್ಲ."

ಡಬ್ಬಿ ಗೊಳ್ಳೆಂದಿತು. ನಾಗಮಣಿ ನಗಲಿಲ್ಲ. ಮಲಗಿದ ಮಗುವಿನ ಬಾಯಿ ಮುಚ್ಚಿರುತ್ತದಲ್ಲ. ಇಷ್ಟು ದಿನ ಅವಳು ಈ ಡಬ್ಬಿಯಲ್ಲಿ ಹೆಮ್ಮೆಯಿಂದ ಹಂಚಿದ್ದು ಹಳಸಿದ ಸುದ್ದಿ. ಸೆರಗಿನಿಂದ ಮೂಗೊರೆಸಿಕೊಂಡು ಬಾಚಣಿಗೆ ತೆಗೆದಳು.

"ಬಾ ಇಲ್ಲಿ, ತಿರುಗಿ ಕೂತ್ಕೋ. ಇನ್ನೇನೇನು ತಪ್ಪು ಹೇಳಿದೀನಿ, ಎಲ್ಲಾ ಹೇಳು."

ಅಮ್ಮನ ತಪ್ಪು ತಿದ್ದುವುದಕ್ಕಿಂತ ಖುಷಿ ಬೇರೇನಿದೆ? ವಾಸಂತಿ ಶುರು ಮಾಡಿದಳು: ಜಗಳವಾಡಿದ ಗೆಳತಿ ಅಮ್ಮ ಹೇಳಿದವಳಲ್ಲ, ಬೇರೆ, ಈಗ ಹೆದರಿಕೆ ನಾಯಿಗಲ್ಲ, ಲೆಕ್ಕ ಹೇಳಿಕೊಡುವ ಕಣಕ್ಕು ಟೀಚರಿಗೆ. ಗಾಡಿ ನಿಂತರೂ ಮಾತು ನಿಲ್ಲಲಿಲ್ಲ. ಜಡೆ ಮುಗಿದದ್ದೂ, ಜಯಲಕ್ಷ್ಮೀ ಟೀಚರ್ ತಮ್ಮ ಮಾಲೆಯಲ್ಲಿ ಒಂದು ತುಂಡು ಮುಡಿಸಿದ್ದೂ ಅವಳಿಗೆ ತಿಳಿಯಲೇ ಇಲ್ಲ.

ಸೋಮವಾರ ಬೆಳಿಗ್ಗೆ ಕಮಲಾಕರ ಬಾಗಿಲಲ್ಲಿ ಕೇಳಿದ, "ಹೇಳ್ತೀಯ ತಾನೇ?"

"ಹೇಳ್ತೀನಿ, ಕಾಂಚೀಪುರದಲ್ಲೇ ಇರ್ತೀನಿ ಅಂತ." ನಾಗಮಣಿ ಚಪ್ಪಲಿ ಮೆಟ್ಟಿದಳು. "ಶನಿವಾರ ಇವಳೂ ಬರ್ತಾಳೆ. ಪ್ರತಿ ಶನಿವಾರ."

ಒಳಗಿನಿಂದ ನಿದ್ದೆಗಣ್ಣಿನ ದನಿ ಬಂತು: "ಅಮ್ಮಾ, ಜಡೆ ಹಾಕ್ಬಿಟ್ಟು ಪೋ."

ಗಾಡಿ ತಪ್ಪಿದರೆ ಇನ್ನೊಂದಿದೆ. ನಾಗಮಣಿ ಚಪ್ಪಲಿ ಬಿಟ್ಟು ಒಳಗೆ ಹೋದಳು.